ಅಜ್ಜಿಯ ಕಾಲು ಮಷಿನ್, ಅಮ್ಮನ ಖಣ: ಕತ್ತರಿ ಹಾಕುವ ಮುಂಚೆ ಏನೇನು ಮಾಡಬೇಕು?

ಹೊಸ ದಾರ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಬಾಗಲಕೋಟೆ ಕಡೆಯ ನಮ್ಮ ಅಜ್ಜಿಯ ಕಾಲು ಮಷಿನ್ ಹೋದ ತಿಂಗಳು ಬೆಂಗಳೂರಿಗೆ ನಮ್ಮ ಮನೆಗೆ ಬಂತು. ಕಪ್ಪು ಬಣ್ಣ, ಕಬ್ಬಿಣದ ಸ್ಟ್ಯಾಂಡು, ಚರ್ಮದ ಬೆಲ್ಟು. ಹನ್ನೆರಡು ವರ್ಷದಿಂದ ಯಾರೂ ತುಳಿದಿಲ್ಲ. ಅದರ ಡ್ರಾದಲ್ಲಿ ಗುಂಡಿ, ಹುಕ್ಕು, ತುಕ್ಕು ಹಿಡಿದ ಸೂಜಿಗಳ ಜೊತೆ ಒಂದು ಖಣವೂ, ಅಂದರೆ ರವಿಕೆ ಬಟ್ಟೆಯೂ ಸಿಕ್ಕಿತು. ಗುಳೇದಗುಡ್ಡದ್ದು, ಅಮ್ಮನಿಗೆ ಯಾವಾಗಲೋ ಉಡಿ ತುಂಬಿದ್ದಂತೆ. ಕುಂಕುಮದ ಕೆಂಪು, ಹಸಿರು ಅಂಚು. ಮಡಿಕೆಯ ಗೆರೆಗಳು ಅಚ್ಚು ಒತ್ತಿದ ಹಾಗೆ ಕೂತುಬಿಟ್ಟಿವೆ.

ಇದರಲ್ಲಿ ನಾನೇ ಒಂದು ಬ್ಲೌಸ್ ಹೊಲಿಯಬೇಕು ಅಂತ ಆಸೆ. ಹೊಲಿಗೆ ಕ್ಲಾಸಿಗೆ ಮೂರು ತಿಂಗಳು ಹೋಗಿದ್ದೇನೆ, ಕಟಿಂಗ್ ಬರುತ್ತದೆ, ಆದರೆ ಅಲ್ಲಿ ಎಲ್ಲ ಮೋಟಾರ್ ಮಷಿನ್. ಇನ್ನೊಂದು ಹೆದರಿಕೆ ಇದೆ. ಹೋದ ವರ್ಷ ಒಬ್ಬ ಟೈಲರ್ ಹತ್ತಿರ ಹೊಲಿಸಿದ ಬ್ಲೌಸ್ ಒಂದೇ ಒಗೆತಕ್ಕೆ ಹಾಳಾಯಿತು. ಒಳಗಿನ ಲೈನಿಂಗ್ ಮುದುಡಿ, ಹೊರಗಿನ ಬಟ್ಟೆ ಗುಳ್ಳೆ ಎದ್ದ ಹಾಗೆ ನಿಂತಿತು. ಈ ಖಣಕ್ಕೂ ಹಾಗಾದರೆ ಅಮ್ಮನ ಮುಖ ನೋಡೋಕಾಗಲ್ಲ.

ಬಟ್ಟೆಗೆ ಏನು ಮಾಡಬೇಕು, ಮಷಿನ್‌ಗೆ ಏನು ಮಾಡಬೇಕು, ಯಾವುದು ಮೊದಲು? ದಯವಿಟ್ಟು ಹೇಳಿ.

ಗದಗ ಜಂಪರ್ · ಶನಿವಾರ ಬೆಳಿಗ್ಗೆ

ತಂಗಿ, ಮೊದಲು ಕತ್ತರಿ ಕೆಳಗಿಡು.

ನಿನ್ನ ಹಳೇ ಬ್ಲೌಸಿಗೆ ಆಗಿದ್ದು ಇಷ್ಟೇ. ಲೈನಿಂಗ್ ಹತ್ತಿ ಬಟ್ಟೆ, ನೀರು ಕಾಣದೆ ಹಾಗೇ ಅಂಗಡಿಯಿಂದ ಬಂದು ಕತ್ತರಿಗೆ ಬಿದ್ದಿದೆ. ಮಿಲ್ಲಿನಲ್ಲಿ ನೂಲನ್ನು ಜಗ್ಗಿ ಹಿಡಿದು ನೇಯುತ್ತಾರೆ, ಗಂಜಿ ಹಾಕಿ ಎಳೆದು ಒಣಗಿಸಿ ಸುತ್ತುತ್ತಾರೆ. ಮೊದಲ ಸಲ ನೀರು ಬಿದ್ದಾಗ ಗಂಜಿ ಹೋಗುತ್ತದೆ, ಜಗ್ಗಿದ ನೂಲು ತನ್ನ ಅಳತೆಗೆ ವಾಪಸ್ ಬರುತ್ತದೆ. ಮೇಲಿನ ಬಟ್ಟೆ ಕುಗ್ಗಲಿಲ್ಲ, ಒಳಗಿನದು ಕುಗ್ಗಿತು. ಗುಳ್ಳೆ ಏಳದೆ ಇನ್ನೇನು?

ಲೈನಿಂಗ್ ತರುವಾಗಲೇ ಒಂದು ಮೀಟರ್ ತಾ. 80 ಸೆಂಟಿಮೀಟರ್ ಸಾಕು ಅಂತ ಅಂಗಡಿಯವರು ಹೇಳಿದರೂ ಕೇಳಬೇಡ. ರಾತ್ರಿ ಬರೀ ನೀರಿನಲ್ಲಿ ನೆನೆಹಾಕು. ಬೆಳಿಗ್ಗೆ ಹಿಂಡಬೇಡ, ಹಾಗೇ ಎತ್ತಿ ನೀರು ಇಳಿಸಿ ನೆರಳಿನಲ್ಲಿ ಹರವು. ಪೂರ್ತಿ ಒಣಗೋ ಮುಂಚೆ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡು. ಇಸ್ತ್ರಿ ಉದ್ದಕ್ಕೆ ಹೋಗಬೇಕು, ಓರೆಯಾಗಿ ತಳ್ಳಬಾರದು. ಓರೆ ತಳ್ಳಿದರೆ ಬಟ್ಟೆ ಸೊಟ್ಟ ಆಗುತ್ತದೆ, ಆಮೇಲೆ ಎಷ್ಟು ಸರಿಯಾಗಿ ಕತ್ತರಿಸಿದರೂ ಒಂದು ತೋಳು ತಿರುಚಿಕೊಳ್ಳುತ್ತದೆ.

ನೆನೆಹಾಕುವ ಮುಂಚೆ ಒಂದು ಕೆಲಸ ಮಾಡಿ ನೋಡು. ಲೈನಿಂಗ್ ಮೇಲೆ 10 ಇಂಚು ಉದ್ದ, 10 ಇಂಚು ಅಗಲದ ಒಂದು ಚೌಕ ಬಾಲ್‌ಪೆನ್ನಿನಲ್ಲಿ ಬರಿ, ಮೂಲೆ ಕಡೆಗೆ. ಒಣಗಿದ ಮೇಲೆ ಅಳೆದು ನೋಡು. ನಾನು ಹೇಳೋದಕ್ಕಿಂತ ಟೇಪೇ ಚೆನ್ನಾಗಿ ಹೇಳುತ್ತದೆ.

ಖಣದ ಮಾತು ಬೇರೆ. ಅದನ್ನು ಸಂಜೆ ಬರೆಯುತ್ತೇನೆ, ಅಂಗಡಿಗೆ ಗಿರಾಕಿ ಬಂದರು.

ಕುಡ್ಲ ಕತ್ತರಿ · ಶನಿವಾರ ಬೆಳಿಗ್ಗೆ

ಅಕ್ಕ ಹೇಳಿದ್ದು ಸರಿ ಮಾರಾಯ್ರೆ. ಹಾಗೇ ಸೀರೆಗೆ ಹಚ್ಚುವ ಫಾಲ್ಸ್ ಕೂಡ ನೆನೆಹಾಕಬೇಕು. ನಾನು ಒಮ್ಮೆ ಬಿಟ್ಟೆ. ಮದುವೆ ಸೀರೆಯ ಅಂಚು ಹಪ್ಪಳದ ಹಾಗೆ ಆಯ್ತು. ಇವತ್ತಿಗೂ ನಮ್ಮ ಅತ್ತೆ ಅದನ್ನು ಹೇಳುತ್ತಾರೆ.

ಚಕ್ರ ಬೆಲ್ಟು · ಶನಿವಾರ ಮಧ್ಯಾಹ್ನ

ನಾನು ದಾವಣಗೆರೆಯವನು. ಹೊಲಿಗೆ ನನಗೆ ಅಷ್ಟಾಗಿ ಬರಲ್ಲ, ಮಷಿನ್ ರಿಪೇರಿ ನನ್ನ ಕೆಲಸ. ಹಾಗಾಗಿ ಮಷಿನ್ ಬಗ್ಗೆ ಮಾತ್ರ ಹೇಳುತ್ತೇನೆ.

ಹನ್ನೆರಡು ವರ್ಷ ನಿಂತ ಮಷಿನ್ ಕೆಟ್ಟಿರಲ್ಲ ಮೇಡಂ. ಒಳಗೆ ಹಳೇ ಎಣ್ಣೆ ಗೋಂದಾಗಿರುತ್ತದೆ, ಅಷ್ಟೇ. ಈಗಲೇ ತುಳಿಯಬೇಡಿ. ಮೊದಲು ಬೆಲ್ಟು ಚಕ್ರದಿಂದ ಕಳಚಿ. ಮೇಲಿನ ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನಕ್ಕೆ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಜೋರು ಮಾಡಬೇಡಿ.

ಸೂಜಿ ತೆಗೆಯಿರಿ. ಸೂಜಿ ಇಳಿಯುವ ಜಾಗದ ತಗಡಿಗೆ ಎರಡು ಸ್ಕ್ರೂ ಇರುತ್ತದೆ, ಅದನ್ನು ಬಿಚ್ಚಿ. ಕೆಳಗೆ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳು ಕಾಣಿಸುತ್ತವೆ. ಆ ಹಲ್ಲಿನ ಸಂದಿಯಲ್ಲಿ ನೂಲಿನ ದೂಳು ಕಂಬಳಿ ತುಂಡಿನ ಹಾಗೆ ಒತ್ತಿ ಕೂತಿರುತ್ತದೆ. ಹಳೇ ಟೂತ್‌ಬ್ರಷ್‌ನಿಂದ, ಸೂಜಿ ಮೊನೆಯಿಂದ ಪೂರ್ತಿ ಕೆದಕಿ ತೆಗೆಯಿರಿ. ಬಾಯಲ್ಲಿ ಊದಬೇಡಿ, ದೂಳು ಒಳಗೇ ಹೋಗುತ್ತದೆ, ಜೊತೆಗೆ ಉಗುಳಿನ ತೇವ. ಬಾಬಿನ್ ಕೇಸ್, ಅಂದರೆ ಕೆಳಗಿನ ದಾರದ ಉಂಡೆ ಕೂರುವ ಡಬ್ಬಿ, ಹೊರಗೆ ತೆಗೆದು ಅದು ಕೂರುವ ಶಟಲ್ ಒಳಗೂ ಒರೆಸಿ. ಅಲ್ಲಿ ತುಂಡು ದಾರ ಸುತ್ತಿಕೊಂಡಿರುತ್ತದೆ, ನೂರಕ್ಕೆ ತೊಂಬತ್ತು ಮಷಿನ್‌ನಲ್ಲಿ ನೋಡಿದ್ದೇನೆ.

ಆಮೇಲೆ ಎಣ್ಣೆ. ಲೋಹಕ್ಕೆ ಲೋಹ ತಾಗಿ ಆಡುವ ಕಡೆ ಎಲ್ಲ ಒಂದೊಂದು ತೊಟ್ಟು. ಮೇಲೆ ಸಣ್ಣ ತೂತುಗಳಿರುತ್ತವೆ, ಅದಕ್ಕೇ ಇರುವುದು ಅವು. ಮಷಿನ್ ತಲೆಯನ್ನು ಹಿಂದಕ್ಕೆ ಮಗುಚಿದರೆ ಅಡಿಯಲ್ಲೂ ಜಾಗಗಳು ಸಿಗುತ್ತವೆ. ತುಂಬಾ ಜನ ತಲೆಗೆ ಎಣ್ಣೆ ಬಿಟ್ಟು ಕಾಲು ಮರೆಯುತ್ತಾರೆ. ಪೆಡಲ್ ಆಡುವ ಎರಡು ಕೀಲು, ದೊಡ್ಡ ಚಕ್ರದ ನಡು, ಪೆಡಲ್‌ನಿಂದ ಚಕ್ರಕ್ಕೆ ಹೋಗುವ ಸಲಾಕೆಯ ಎರಡು ತುದಿ, ಇಲ್ಲೆಲ್ಲ ಬಿಡಿ. ಮಷಿನ್ ಭಾರ ಅನ್ನುವುದು ಅರ್ಧ ಅಲ್ಲೇ ಇರುತ್ತದೆ.

ತುಂಬಾ ಬಿಗಿಯಿದ್ದರೆ ಎಣ್ಣೆ ಬಿಡುವ ಮುಂಚೆ ಸ್ವಲ್ಪ ಸೀಮೆಎಣ್ಣೆ ಬಿಟ್ಟು ಒಂದು ಗಂಟೆ ಬಿಡಿ. ಗೋಂದು ಕರಗಿ ಕಪ್ಪಗೆ ಇಳಿಯುತ್ತದೆ. ಒರೆಸಿ, ಆಮೇಲೆ ಮಷಿನ್ ಎಣ್ಣೆ ಬಿಡಲೇಬೇಕು. ಸೀಮೆಎಣ್ಣೆ ತೊಳೆಯುತ್ತದೆ ಅಷ್ಟೇ, ನುಣುಪು ಕೊಡಲ್ಲ. ಬೆಂಕಿ ಹತ್ತಿರ ಈ ಕೆಲಸ ಬೇಡ, ಕಿಟಕಿ ತೆಗೆದಿಡಿ.

ರಾತ್ರಿ ಪೂರ್ತಿ ಹಾಗೇ ಬಿಟ್ಟು, ಬೆಳಿಗ್ಗೆ ಎದ್ದು ದಾರ ಇಲ್ಲದೆ, ಹಳೇ ಬಟ್ಟೆ ಮೇಲೆ ಹತ್ತು ನಿಮಿಷ ತುಳಿಯಿರಿ. ಎಣ್ಣೆ ಕಲೆ ಆ ಬಟ್ಟೆಗೆ ಹೋಗಲಿ. ಅಮ್ಮನ ಖಣಕ್ಕೆ ಬೇಡ.

ತೀರ್ಥಳ್ಳಿ ಅಡಿಕೆ · ಶನಿವಾರ ಮಧ್ಯಾಹ್ನ

ಮಷಿನ್ ಎಣ್ಣೆ ಅಂದ್ರೆ ಮಷಿನ್ ಎಣ್ಣೆನೇ. ತೆಂಗಿನೆಣ್ಣೆ ಅಲ್ಲ. ನಮ್ಮ ಚಿಕ್ಕಮ್ಮ ಮನೆಯಲ್ಲಿದ್ದ ತೆಂಗಿನೆಣ್ಣೆ ಬಿಟ್ಟರು, ಬೇಸಿಗೆಯಲ್ಲಿ ಚೆನ್ನಾಗಿಯೇ ಓಡಿತು. ಡಿಸೆಂಬರ್ ಬಂತು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಅಲ್ವಾ, ಮಷಿನ್ ಬೆಳಿಗ್ಗೆ ಏಳೋದೇ ಇಲ್ಲ. ಚಿಕ್ಕಮ್ಮ ಅದನ್ನ ಬಿಸಿಲಿಗೆ ಹೊತ್ತು ತಂದಿಟ್ಟು ಕಾಯಿಸುತ್ತಿದ್ದರು, ಹಂಡೆ ಕಾಯಿಸಿದ ಹಾಗೆ. ಕೊನೆಗೆ ಪೂರ್ತಿ ಬಿಚ್ಚಿ ತೊಳೆಯಬೇಕಾಯಿತು.

ಡಲ್ಲಾಸ್ ದಾವಣಿ · ಶನಿವಾರ ರಾತ್ರಿ

ಅಮೆರಿಕದಿಂದ ನನ್ನದೊಂದು ಮಾತು. ಇಲ್ಲಿ ಎಲ್ಲರೂ ಬಟ್ಟೆಯನ್ನ ಡ್ರೈಯರ್‌ಗೆ ಹಾಕುತ್ತಾರೆ. ಊರಿಂದ ಹತ್ತಿ ಬಟ್ಟೆ ತಂದು, ನೀರಿನಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಅಕ್ಕ ಹೇಳಿದ ಹಾಗೇ ಮಾಡಿ ಮಗಳಿಗೆ ಲಂಗ ಹೊಲಿದೆ. ಮೊದಲ ಸಲ ಡ್ರೈಯರ್‌ಗೆ ಬಿತ್ತು, ಮತ್ತೆ ಕುಗ್ಗಿತು! ಆಮೇಲೆ ಗೊತ್ತಾಯಿತು. ಹೊಲಿದ ಮೇಲೆ ಹೇಗೆ ಒಗೆದು ಒಣಗಿಸುತ್ತೀರೋ, ಹೊಲಿಯುವ ಮುಂಚೆಯೂ ಬಟ್ಟೆಗೆ ಅದೇ ಶಿಕ್ಷೆ ಕೊಡಬೇಕು.

ಇನ್ನೊಂದು. ಊರಿನ ಮೋಟಾರ್ ಮಷಿನ್ ಹೊತ್ತು ತರುವವರು ನೆನಪಿಡಿ, ಇಲ್ಲಿ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಕಾಲು ಮಷಿನ್‌ಗೆ ಈ ತಲೆನೋವೇ ಇಲ್ಲ. ಹೊಸ ದಾರ ಅವರೇ, ನಿಮ್ಮ ಅಜ್ಜಿ ಮಷಿನ್ ನೋಡಿ ನನಗೆ ಹೊಟ್ಟೆಕಿಚ್ಚು.

ಗದಗ ಜಂಪರ್ · ಶನಿವಾರ ರಾತ್ರಿ

ಈಗ ಖಣ.

ತಂಗಿ, ಅದು ಯಾವ ನೂಲು ಅಂತ ಮೊದಲು ತಿಳ್ಕೊ. ಹಳೇ ಖಣದಲ್ಲಿ ಸಾಮಾನ್ಯವಾಗಿ ಹಾಸು (ಉದ್ದದ ಎಳೆ) ರೇಷ್ಮೆ, ಹೊಕ್ಕು (ಅಡ್ಡದ ಎಳೆ) ಹತ್ತಿ. ಈಗಿನವು ಸುಮಾರು ಕೃತಕ ನೂಲಿನವು. ತುದಿಯಿಂದ ಉದ್ದಕ್ಕೆ ಒಂದು ಎಳೆ, ಅಡ್ಡಕ್ಕೆ ಒಂದು ಎಳೆ ಬಿಡಿಸಿ ತೆಗೆ. ಚಿಮಟದಲ್ಲಿ ಹಿಡಿದು ಬೆಂಕಿಗೆ ತೋರಿಸು. ರೇಷ್ಮೆ ಆದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದ ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಕಟ್ಟುತ್ತದೆ.

ಇದು ಯಾಕೆ ಬೇಕು ಅಂದರೆ, ಖಣದ ಅಂಚು ಉದ್ದಕ್ಕೆ ಓಡುತ್ತದೆ. ನೀನು ತೋಳಿನ ಕೆಳಗೆ ಆ ಹಸಿರು ಅಂಚು ಬರಲಿ ಅಂತೀಯ, ಎಲ್ಲರೂ ಹಾಗೇ ಹೊಲಿಸುವುದು. ಹಾಗೆ ಇಟ್ಟರೆ ತೋಳಿನ ಉದ್ದ ಬಟ್ಟೆಯ ಅಡ್ಡಕ್ಕೆ ಬರುತ್ತದೆ, ಅಂದರೆ ಹೊಕ್ಕಿನ ದಿಕ್ಕಿಗೆ. ಹೊಕ್ಕು ಹತ್ತಿ. ನಾಳೆ ಮನೆಯಲ್ಲಿ ಒಗೆದರೆ ಕುಗ್ಗುವುದು ಆ ದಿಕ್ಕಿಗೇ. ಮೈ ಸರಿ ಇರುತ್ತದೆ, ತೋಳು ಗಿಡ್ಡ ಆಗುತ್ತದೆ. ಎಷ್ಟು ಜನ ನನ್ನ ಹತ್ತಿರ ಇದನ್ನೇ ತಂದು “ಅಕ್ಕಾ, ತೋಳಿಗೆ ಏನೋ ಆಗ್ಯದ ನೋಡ್ರಿ” ಅಂದಿದ್ದಾರೆ.

ಬಣ್ಣ ಪರೀಕ್ಷೆ ಮಾಡದೆ ನೀರಿಗೆ ಹಾಕಬೇಡ. ಒಳಮೂಲೆಯನ್ನು ಸ್ವಲ್ಪ ಒದ್ದೆ ಮಾಡಿ, ಬಿಳಿ ಬಟ್ಟೆ ಇಟ್ಟು ಒತ್ತು. ಕೆಂಪು ಇಳಿದರೆ ನೆನೆಸುವ ಮಾತೇ ಇಲ್ಲ, ಹಸಿರು ಅಂಚು ಹಾಳಾಗುತ್ತದೆ. ಆಗ ಹಿಂದಿನ ಬದಿಗೆ ತೆಳು ಒದ್ದೆ ಬಟ್ಟೆ ಹಾಸಿ, ಕಡಿಮೆ ಕಾವಿನಲ್ಲಿ ಇಸ್ತ್ರಿ ಇಟ್ಟು ಎತ್ತು, ಇಟ್ಟು ಎತ್ತು. ತಳ್ಳಬೇಡ. ಆವಿಗೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಲಿ, ಆ ಹಳೇ ಮಡಿಕೆ ಗೆರೆಗಳೂ ಇಳಿಯುತ್ತವೆ. ಒಂದು ಸಲಕ್ಕೆ ಹೋಗದಿದ್ದರೆ ಬಿಡು, ಮೂರು ಸಲ ಮಾಡು. ಆ ಬ್ಲೌಸ್ ಆಮೇಲೆ ಡ್ರೈ ಕ್ಲೀನಿಂಗೇ.

ಬೇರೆ ಬಟ್ಟೆ ಬಣ್ಣ ಬಿಟ್ಟರೆ ಉಪ್ಪು ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೆಗೆ. ಬಣ್ಣ ನಿಲ್ಲುತ್ತದೆ.

ಬಣ್ಣದ ಬುಟ್ಟಿ · ಭಾನುವಾರ ಬೆಳಿಗ್ಗೆ

ಗದಗದ ಅಕ್ಕನ ಉಳಿದ ಎಲ್ಲ ಮಾತಿಗೂ ಕೈ ಮುಗಿದೆ. ಉಪ್ಪಿನ ಮಾತು ಮಾತ್ರ ಒಪ್ಪಲ್ಲ.

ನಾನು ಬಟ್ಟೆಗೆ ಬಣ್ಣ ಹಾಕುವ ಘಟಕದಲ್ಲಿ ಕೆಲಸ ಮಾಡಿದವಳು. ಉಪ್ಪು ಬೇಕಾಗುವುದು ಬಣ್ಣ ಹಾಕುವಾಗ, ತೊಟ್ಟಿಯಲ್ಲಿ. ಹತ್ತಿ ನೂಲು ಬಣ್ಣವನ್ನ ಹತ್ತಿರಕ್ಕೆ ಎಳೆದುಕೊಳ್ಳಲಿ ಅಂತ. ಬಟ್ಟೆ ಅಂಗಡಿಗೆ ಬಂದ ಮೇಲೆ ಮನೆಯ ಬಕೆಟ್ಟಿನಲ್ಲಿ ಒಂದು ಮುಷ್ಟಿ ಉಪ್ಪು ಹಾಕಿದರೆ ಅಂಟದೆ ಉಳಿದ ಬಣ್ಣ ಅಂಟಿಕೊಳ್ಳಲ್ಲ. ಅದು ತೊಳೆದು ಹೋಗಬೇಕು, ಅಷ್ಟೇ ದಾರಿ. ಉಪ್ಪು ನೀರಲ್ಲಿ ಇಟ್ಟಷ್ಟು ಹೊತ್ತು ಸ್ವಲ್ಪ ಕಡಿಮೆ ಬಿಟ್ಟಂತೆ ಕಾಣಬಹುದು. ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಮತ್ತೆ ಬಿಡುತ್ತದೆ. ಪಟಿಕವೂ ಹಾಗೇ, ನೈಸರ್ಗಿಕ ಬಣ್ಣ ಹಾಕುವವರು ಹೆಚ್ಚಾಗಿ ಮೊದಲೇ ಬಳಸುತ್ತಾರೆ, ಬಟ್ಟೆ ಮನೆಗೆ ಬಂದ ಮೇಲೆ ಅಲ್ಲ.

ಗದಗ ಜಂಪರ್ · ಭಾನುವಾರ ಬೆಳಿಗ್ಗೆ

ಮೂವತ್ತು ವರ್ಷದಿಂದ ಉಪ್ಪು ಹಾಕುತ್ತಿದ್ದೇನೆ ತಾಯಿ. ನಮ್ಮ ಬಣ್ಣ ನಿಂತಿದೆ.

ಬಣ್ಣದ ಬುಟ್ಟಿ · ಭಾನುವಾರ ಬೆಳಿಗ್ಗೆ

ನೀವು ಉಪ್ಪು ನೀರಲ್ಲಿ ಇಟ್ಟು, ಆಮೇಲೆ ಎರಡು ಮೂರು ಸಲ ಒಳ್ಳೆ ನೀರಲ್ಲಿ ಜಾಲಾಡುತ್ತೀರಲ್ವಾ ಅಕ್ಕ? ನಿಂತಿದ್ದು ಆ ಜಾಲಾಟದಿಂದ ಅಂತ ನನ್ನ ವಾದ.

ಗದಗ ಜಂಪರ್ · ಭಾನುವಾರ ಬೆಳಿಗ್ಗೆ

ಜಾಲಾಡುತ್ತೇನೆ. ಉಪ್ಪನ್ನೂ ಹಾಕುತ್ತೇನೆ.

ಕುಡ್ಲ ಕತ್ತರಿ · ಭಾನುವಾರ ಬೆಳಿಗ್ಗೆ

ಉಪ್ಪಿನ ಖರ್ಚು ಎಷ್ಟು ಮಹಾ, ಬಿಡಿ ಮಾರಾಯ್ರೆ 😄

ಹೊಸ ದಾರ · ಭಾನುವಾರ ಸಂಜೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಇವತ್ತು ಬೇರೆ ಯಾವ ಕೆಲಸವೂ ಮಾಡಿಲ್ಲ ನಾನು.

ಮೊದಲು ಟೇಪಿನ ಕಥೆ. ಲೈನಿಂಗ್ ಮೇಲಿನ 10 ಇಂಚಿನ ಚೌಕ ಒಣಗಿದ ಮೇಲೆ ಉದ್ದಕ್ಕೆ ಒಂಬತ್ತೂವರೆ, ಅಡ್ಡಕ್ಕೆ ಒಂಬತ್ತೂ ಮುಕ್ಕಾಲು. ಅರ್ಧ ಇಂಚು ತಾನೇ ಅಂದುಕೊಂಡೆ. ಆಮೇಲೆ ಲೆಕ್ಕ ಹಾಕಿದೆ. ನನ್ನ ಬ್ಲೌಸಿನ ಉದ್ದ 14 ಇಂಚು. ನೂರಕ್ಕೆ ಐದರಂತೆ ಹೆಚ್ಚು ಕಡಿಮೆ ಮುಕ್ಕಾಲು ಇಂಚು ಹೋಗುತ್ತದೆ. ಹೋದ ವರ್ಷದ ಆ ಬ್ಲೌಸ್ ತೆಗೆದು ಅಳೆದೆ. ಒಳಗಿನ ಲೈನಿಂಗ್ ಹೊರಗಿನದಕ್ಕಿಂತ ಸರಿಯಾಗಿ ಮುಕ್ಕಾಲು ಇಂಚು ಗಿಡ್ಡ. ನೋಡಿ ನಗು ಬಂತು, ಸಿಟ್ಟೂ ಬಂತು.

ಎಳೆ ಸುಟ್ಟು ನೋಡಿದೆ. ಉದ್ದದ ಎಳೆ ಕೂದಲಿನ ವಾಸನೆ, ಅಡ್ಡದ್ದು ಕಾಗದ. ಅಮ್ಮ ಅಡುಗೆಮನೆಯಿಂದ “ಏನೇ ಅದು ವಾಸನೆ” ಅಂತ ಓಡಿ ಬಂದರು. ಕೆಂಪು ಬಣ್ಣ ಬಿಳಿ ಕರವಸ್ತ್ರಕ್ಕೆ ಚೆನ್ನಾಗಿಯೇ ಇಳಿಯಿತು. ಹಾಗಾಗಿ ನೀರು ಬೇಡ, ಉಪ್ಪೂ ಬೇಡ (ಇಬ್ಬರೂ ಕ್ಷಮಿಸಿ). ಆವಿಯಲ್ಲಿ ಇಸ್ತ್ರಿ ಮಾಡಿದೆ. ಗೆರೆಗಳು ಮುಕ್ಕಾಲು ಪಾಲು ಹೋಗಿವೆ. ಒಂದು ಮಡಿಕೆಯಲ್ಲಿ ಮಾತ್ರ ನೂಲೇ ತೆಳುವಾಗಿದೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಮಷಿನ್ ಹಲ್ಲಿನ ಸಂದಿಯಿಂದ ತೆಗೆದ ದೂಳು ನೀಲಿ ಬಣ್ಣದ್ದು. ಅಪ್ಪನ ಶಾಲೆಯ ಯೂನಿಫಾರ್ಮ್ ಇರಬೇಕು ಅಂತ ಅಮ್ಮ ತಮಾಷೆ ಮಾಡಿದರು. ಎಣ್ಣೆ ಬಿಟ್ಟ ಮೇಲೆ ಚಕ್ರ ಒಂದೇ ಬೆರಳಿಗೆ ತಿರುಗುತ್ತದೆ. ನಂಬೋಕೇ ಆಗಲಿಲ್ಲ.

ಆದರೆ ಹೊಲಿಗೆ ಬೀಳುತ್ತಿಲ್ಲ! ಮೂರು ತೊಂದರೆ. ತುಳಿದರೆ ಬೆಲ್ಟು ಜಾರುತ್ತದೆ. ಚಕ್ರ ಎಷ್ಟೋ ಸಲ ಹಿಂದಕ್ಕೆ ತಿರುಗಿ ದಾರ ಪಟ್ ಅಂತ ಕಡಿಯುತ್ತದೆ. ಇನ್ನು ಹೊಲಿಗೆ ಬಿದ್ದರೂ ನಾಲ್ಕು ಬಿದ್ದು ಎರಡು ತಪ್ಪುತ್ತದೆ. ಸೂಜಿ ಹೊಸದೇ. ನಿನ್ನೆ ಅಂಗಡಿಯಲ್ಲಿ 14 ನಂಬರ್ ಕೇಳಿ ತಂದೆ.

ಚಕ್ರ ಬೆಲ್ಟು · ಭಾನುವಾರ ಸಂಜೆ

ಬೆಲ್ಟು ಹಳತಾದರೆ ಉದ್ದ ಆಗುತ್ತದೆ. ಕೂಡಿಸಿದ ಕಡೆ ಒಂದು ತಂತಿ ಕ್ಲಿಪ್ ಇದೆ ನೋಡಿ. ಇಕ್ಕಳದಿಂದ ಬಿಡಿಸಿ, ಒಂದು ತುದಿಯಲ್ಲಿ ಅರ್ಧ ಇಂಚು ಕತ್ತರಿಸಿ, ಹೊಸ ತೂತು ಹಾಕಿ ಅದೇ ಕ್ಲಿಪ್ ಒತ್ತಿ. ಒಂದೇ ಸಲಕ್ಕೆ ಜಾಸ್ತಿ ಕತ್ತರಿಸಬೇಡಿ. ತುಂಬಾ ಬಿಗಿಯಾದರೆ ಕಾಲು ನೋಯುತ್ತದೆ. ಬೆಲ್ಟಿಗೆ ಎಣ್ಣೆ ತಾಗಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಅದಕ್ಕೂ ಜಾರುತ್ತದೆ.

ಚಕ್ರ ಹಿಂದಕ್ಕೆ ಹೋಗುವುದು ಮಷಿನ್ ತಪ್ಪಲ್ಲ, ಕಾಲಿನ ಅಭ್ಯಾಸ. ಶುರು ಮಾಡುವಾಗ ಬಲಗೈಯಲ್ಲಿ ಕೈಚಕ್ರವನ್ನು ನಿಮ್ಮ ಕಡೆಗೆ ಎಳೆದು ಬಿಡಿ. ಅದು ಹೋದ ದಿಕ್ಕಿಗೇ ಕಾಲು ಹಿಂಬಾಲಿಸಲಿ. ಸೂಜಿ ದಾರ ಎರಡೂ ಇಲ್ಲದೆ, ಹತ್ತಿರ ಒಂದು ಹಾಡು ಹಾಕಿಕೊಂಡು ಅರ್ಧ ಗಂಟೆ ತುಳಿಯಿರಿ. ಆಮೇಲೆ ದಾರ ಇಲ್ಲದ ಸೂಜಿ ಹಾಕಿ, ಗೆರೆ ಇರುವ ನೋಟ್‌ಬುಕ್ ಹಾಳೆಯ ಮೇಲೆ ಗೆರೆ ಹಿಡಿದು ಓಡಿಸಿ. ಆ ಸೂಜಿಯನ್ನ ಮತ್ತೆ ಬಟ್ಟೆಗೆ ಬಳಸಬೇಡಿ, ಕಾಗದ ಮೊನೆ ತಿನ್ನುತ್ತದೆ.

ಹೊಲಿಗೆ ತಪ್ಪುವುದಕ್ಕೆ ಸೂಜಿಯ ಮೇಲೆ ಅನುಮಾನ. ಸೂಜಿಯ ದಪ್ಪ ತುದಿ, ಅಂದರೆ ಮಷಿನ್‌ಗೆ ಸಿಕ್ಕಿಸುವ ಕಡೆ, ಬೆರಳಲ್ಲಿ ಉರುಳಿಸಿ ನೋಡಿ. ಒಂದು ಬದಿ ಚಪ್ಪಟೆ ಇದೆಯೋ, ಪೂರ್ತಿ ಗುಂಡಗಿದೆಯೋ?

ಹೊಸ ದಾರ · ಭಾನುವಾರ ರಾತ್ರಿ

ಪೂರ್ತಿ ಗುಂಡಗಿದೆ. ಪೆನ್ಸಿಲ್ ಹಾಗೆ ಉರುಳುತ್ತದೆ.

ಚಕ್ರ ಬೆಲ್ಟು · ಭಾನುವಾರ ರಾತ್ರಿ

ಸಿಕ್ಕಿತು ನೋಡಿ.

ಅದು ಗಾರ್ಮೆಂಟ್ಸ್ ಕಾರ್ಖಾನೆಯ ಮಷಿನ್ ಸೂಜಿ. ಪ್ಯಾಕೆಟ್ ಮೇಲೆ ಡಿಬಿ ಇಂಟು 1 ಅಂತಿರುತ್ತದೆ. ನಿಮ್ಮದು ಮನೆ ಮಷಿನ್, ಅದಕ್ಕೆ ಎಚ್‌ಎ ಇಂಟು 1, ಒಂದು ಬದಿ ಚಪ್ಪಟೆ. ಗುಂಡು ಸೂಜಿಯ ಬುಡ ತೆಳ್ಳಗೆ, ಹಾಗಾಗಿ ನಿಮ್ಮ ಮಷಿನ್‌ನೊಳಗೂ ತೂರುತ್ತದೆ, ಸ್ಕ್ರೂ ಕೂಡ ಬಿಗಿಯುತ್ತದೆ. ಆದರೆ ಸರಿಯಾದ ಜಾಗದಲ್ಲಿ ನಿಲ್ಲಲ್ಲ. ಸೂಜಿ ಕೆಳಗಿಳಿದು ಮೇಲೇಳುವಾಗ ದಾರ ಒಂದು ಸಣ್ಣ ಕುಣಿಕೆ ಆಗುತ್ತದೆ. ಶಟಲ್‌ನ ಕೊಕ್ಕೆ ಬಂದು ಆ ಕುಣಿಕೆಯನ್ನ ಹಿಡಿಯಬೇಕು. ಸೂಜಿ ಕೂದಲೆಳೆಯಷ್ಟು ಅತ್ತಿತ್ತ ಇದ್ದರೂ ಕೊಕ್ಕೆಗೆ ಕುಣಿಕೆ ಸಿಗಲ್ಲ. ಅದೇ ನಿಮ್ಮ ತಪ್ಪಿದ ಹೊಲಿಗೆ. 14 ಅನ್ನುವುದು ದಪ್ಪದ ನಂಬರ್ ಮಾತ್ರ. ಎರಡೂ ಜಾತಿಯಲ್ಲಿ 14 ಇದೆ, ಅದಕ್ಕೇ ಅಂಗಡಿಯವರೂ ಎಡವುತ್ತಾರೆ.

ಚಪ್ಪಟೆ ಬದಿ ಯಾವ ಕಡೆ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳುತ್ತೇನೆ. ಸೂಜಿಯ ಇನ್ನೊಂದು ಬದಿಯಲ್ಲಿ ಉದ್ದಕ್ಕೆ ಒಂದು ಗೀರು ಇದೆ, ಉಗುರಿಗೆ ಸಿಗುತ್ತದೆ. ದಾರ ಯಾವ ಕಡೆಯಿಂದ ಕಣ್ಣಿಗೆ ಹೋಗುತ್ತದೋ ಆ ಕಡೆಗೆ ಗೀರು ಇರಬೇಕು. ಚಪ್ಪಟೆ ಅದರ ಎದುರು, ಕೊಕ್ಕೆ ಇರುವ ಕಡೆ. ಎದುರಿನಿಂದ ದಾರ ಪೋಣಿಸುವ ಹೊಸ ಜಿಗ್‌ಜಾಗ್ ಮಷಿನ್‌ಗಳಲ್ಲಿ ಚಪ್ಪಟೆ ಹಿಂದಕ್ಕೆ. ಹಳೇ ಕಪ್ಪು ಮಷಿನ್‌ಗಳಲ್ಲಿ ದಾರ ಪಕ್ಕದಿಂದ ಹೋಗುತ್ತದೆ, ನಿಮ್ಮದರಲ್ಲಿ ಯಾವ ಪಕ್ಕ ಅಂತ ಕೊನೆಯ ದಾರದ ಕೊಂಡಿ ನೋಡಿದರೆ ಗೊತ್ತಾಗುತ್ತದೆ. ಸೂಜಿ ಪೂರ್ತಿ ಮೇಲಕ್ಕೆ ಮುಟ್ಟುವ ತನಕ ತೂರಿಸಿ, ಆಮೇಲೆ ಸ್ಕ್ರೂ.

ದಾರ ಪೋಣಿಸುವಾಗ ಬಟ್ಟೆ ಒತ್ತುವ ಪಾದ ಮೇಲೆತ್ತಿರಲಿ. ಆಗ ಟೆನ್ಶನ್ ಬಿಲ್ಲೆಗಳ, ಅಂದರೆ ದಾರವನ್ನ ಬಿಗಿ ಹಿಡಿಯುವ ಬಿಲ್ಲೆಗಳ ನಡುವೆ ದಾರ ಸರಿಯಾಗಿ ಕೂರುತ್ತದೆ. ಹೊಲಿಯುವಾಗ ಪಾದ ಇಳಿಸುವುದನ್ನ ಮರೆಯಬೇಡಿ. ಮರೆತರೆ ಕೆಳಗೆ ಗೂಡು ಕಟ್ಟುತ್ತದೆ, ಎಲ್ಲರೂ ಟೆನ್ಶನ್ ಕೆಟ್ಟಿದೆ ಅಂತ ನನಗೆ ಫೋನ್ ಮಾಡುತ್ತಾರೆ.

ತೀರ್ಥಳ್ಳಿ ಅಡಿಕೆ · ಸೋಮವಾರ ಬೆಳಿಗ್ಗೆ

ಡ್ರಾದಲ್ಲಿದ್ದ ಹಳೇ ದಾರದ ಉಂಡೆಗಳನ್ನೂ ಬಳಸಬೇಡಿ. ಹತ್ತಿ ದಾರ ಹಳೆಯದಾದರೆ ಕೊಳೆತಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಸದ್ದಿಲ್ಲದೆ ಕಡಿದರೆ ಬಿಸಾಕಿ. ಬಣ್ಣ ಎಷ್ಟೇ ಚೆಂದ ಇದ್ದರೂ.

ಡಲ್ಲಾಸ್ ದಾವಣಿ · ಸೋಮವಾರ ಬೆಳಿಗ್ಗೆ

ಟೆನ್ಶನ್ ನೋಡುವುದಕ್ಕೆ ನಾನು ಮಾಡುವುದು: ಮೇಲೆ ಒಂದು ಬಣ್ಣದ ದಾರ, ಬಾಬಿನ್‌ಗೆ ಇನ್ನೊಂದು ಬಣ್ಣ. ಲೈನಿಂಗ್ ಚೂರು ಎರಡು ಪದರ ಮಡಚಿ ಹೊಲಿದು ನೋಡಿ. ಕೆಳಗಿನ ಬಣ್ಣ ಮೇಲೆ ಚುಕ್ಕೆ ಚುಕ್ಕೆಯಾಗಿ ಕಂಡರೆ ಮೇಲಿನ ಟೆನ್ಶನ್ ಬಿಗಿ. ಮೇಲಿನ ಬಣ್ಣ ಕೆಳಗೆ ಕಂಡರೆ ಸಡಿಲ. ಬಾಬಿನ್ ಕೇಸನ್ನು ದಾರದಿಂದ ನೇತು ಹಿಡಿದು ಮೆಲ್ಲಗೆ ಒಂದು ಜರ್ಕು ಕೊಡಿ. ಒಂದೆರಡು ಇಂಚು ಜಾರಿ ನಿಂತರೆ ಸರಿ. ದಡ್ ಅಂತ ಬಿದ್ದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಮೊದಲು ಮೇಲಿನದನ್ನ ತಿರುಗಿಸಿ. ಬಾಬಿನ್ ಕೇಸಿನ ಸಣ್ಣ ಸ್ಕ್ರೂಗೆ ಕೈ ಹಾಕುವುದು ಕೊನೆಗೆ, ಅದೂ ಕಾಲು ಸುತ್ತು.

ಗದಗ ಜಂಪರ್ · ಸೋಮವಾರ ಮಧ್ಯಾಹ್ನ

ಪರೀಕ್ಷೆ ಚೂರು ಲೈನಿಂಗ್ ಮಾತ್ರ ಅಲ್ಲ ತಂಗಿ. ಖಣದ ಒಂದು ಚೂರು, ಲೈನಿಂಗ್ ಒಂದು ಚೂರು, ಎರಡೂ ಸೇರಿಸಿ ಹೊಲಿ. ನಿಜವಾದ ಬ್ಲೌಸಿನಲ್ಲಿ ಬರೋದು ಅದೇ ಜೋಡಿ. ಒಂದು ಇಂಚಿಗೆ ಹತ್ತು ಹನ್ನೆರಡು ಹೊಲಿಗೆ ಇರಲಿ.

ಬಟ್ಟೆ ನೇರ ಮಾಡಿದೆಯಾ? ಲೈನಿಂಗ್ ತುದಿಯನ್ನು ಸ್ವಲ್ಪ ಕತ್ತರಿಸಿ ಹರಿ, ಎಳೆ ಹಿಡಿದು ನೇರ ಹರಿಯುತ್ತದೆ. ಅಂಚಿಗೆ ಅಂಚು ಸೇರಿಸಿ ಮಡಚು. ಮೂಲೆಗೆ ಮೂಲೆ ಕೂಡದಿದ್ದರೆ ಬಟ್ಟೆ ಸೊಟ್ಟ ಇದೆ. ಗಿಡ್ಡ ಇರುವ ಮೂಲೆಗಳನ್ನ ಇಬ್ಬರು ಹಿಡಿದು ಓರೆಯಾಗಿ ಎಳೆಯಿರಿ. ನಿನ್ನ ಅಮ್ಮನ್ನ ಕರಿ. ಖಣವನ್ನು ಮಾತ್ರ ಹರಿಯಬೇಡ, ಹೊಕ್ಕಿನ ಒಂದು ಎಳೆ ಎಳೆದು ತೆಗೆದರೆ ಗೆರೆ ಬೀಳುತ್ತದೆ, ಅದರ ಮೇಲೆ ಕತ್ತರಿಸು.

ಖಣದ ಅಗಲ ಕಡಿಮೆ, ಆ ತೆಳುವಾದ ಮಡಿಕೆ ಬೇರೆ ಇದೆ ಅಂದೆ. ಹಳೇ ಪೇಪರಿನಲ್ಲಿ ಎಲ್ಲ ಭಾಗ ಕತ್ತರಿಸಿ ಖಣದ ಮೇಲೆ ಹರವಿ ನೋಡು. ಪೇಪರಿಗೆ ಬೇರೆ ಕತ್ತರಿ! ತೆಳು ಗೆರೆ ಎದೆಗೂ ಬೆನ್ನಿನ ನಡುವಿಗೂ ಬರಬಾರದು. ಕಂಕುಳ ಕೆಳಗೆ ಒಳಗೆ ಬಿಡುವ ಬಟ್ಟೆಗೆ ಬಂದರೆ ಒಳ್ಳೆಯದು. ಗುರುತಿಗೆ ಸವೆದ ಬಿಳಿ ಸೋಪಿನ ಚೂರು ಸಾಕು. ರೇಷ್ಮೆ ನೂಲಿಗೆ ಮೇಣದ ಚಾಕ್ ಬೇಡ, ಇಸ್ತ್ರಿ ಕಾವಿಗೆ ಕಲೆ ಕೂರುತ್ತದೆ. ಗುಂಡುಪಿನ್ನು ಚುಚ್ಚುವುದಿದ್ದರೆ ಹೊಲಿಗೆಯ ಆಚೆ, ಮಾರ್ಜಿನ್‌ನಲ್ಲಿ ಮಾತ್ರ.

ಕುಡ್ಲ ಕತ್ತರಿ · ಸೋಮವಾರ ಮಧ್ಯಾಹ್ನ

ಬೇರೆ ಕತ್ತರಿ ಅನ್ನೋದನ್ನ ನಮ್ಮ ಮನೆಯಲ್ಲಿ ಗೋಡೆಗೆ ಬರೆದು ಅಂಟಿಸಿದ್ದೇನೆ. ಆದರೂ ನಮ್ಮವರು ಹಾಲಿನ ಪ್ಯಾಕೆಟ್ ಅದರಲ್ಲೇ ಕತ್ತರಿಸುವುದು.

ಹೊಸ ದಾರ · ಶನಿವಾರ ರಾತ್ರಿ

ಒಂದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಚಪ್ಪಟೆ ಬದಿಯ ಸೂಜಿ ಹಾಕಿದ ತಕ್ಷಣ ಹೊಲಿಗೆ ತಪ್ಪುವುದು ನಿಂತಿತು. ಬೆಲ್ಟು ಅರ್ಧ ಇಂಚು ಕತ್ತರಿಸಿದೆ, ಸಾಕಾಯಿತು. ತುಳಿಯುವುದು ಬುಧವಾರದ ಹೊತ್ತಿಗೆ ಬಂತು. ಅಲ್ಲಿಯವರೆಗೆ ಮೂರು ನೋಟ್‌ಬುಕ್ ಹಾಳೆ ತೂತು. ಮಗ ತನ್ನ ಹೋಮ್‌ವರ್ಕ್ ಅಂತ ಅತ್ತ.

ಲೈನಿಂಗ್ ಸೊಟ್ಟ ಇತ್ತು. ಅಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಎಳೆದೆವು. ಚಿಕ್ಕವಳಿದ್ದಾಗ ಬೆಡ್‌ಶೀಟ್ ಮಡಚುವಾಗ ಹೀಗೇ ಎಳೆಯುತ್ತಿದ್ದೆವು ಅಂತ ಅಮ್ಮ ಅಂದರು. ಆಮೇಲೆ ತಾವೇ ಖಣದ ಮೇಲೆ ಪೇಪರ್ ಭಾಗಗಳನ್ನ ಆ ಕಡೆ ಈ ಕಡೆ ಸರಿಸುತ್ತಾ ಒಂದು ಗಂಟೆ ಕೂತರು. ತೆಳುವಾದ ಗೆರೆ ಈಗ ಬಲ ಕಂಕುಳ ಕೆಳಗೆ, ಮಾರ್ಜಿನ್ ಒಳಗೆ ಬಂದಿದೆ. ತೋಳು ಅರ್ಧ ಇಂಚು ಉದ್ದ ಬಿಟ್ಟಿದ್ದೇನೆ, ಒಳಗೆ ಮಡಚುವುದಕ್ಕೆ. ಯಾವಾಗಾದರೂ ಕುಗ್ಗಿದರೆ ಬಿಚ್ಚಬಹುದು ಅಲ್ವಾ.

ಇವತ್ತು ಸಂಜೆ ಕತ್ತರಿ ಹಾಕಿದೆ. ಕೈ ನಡುಗಿತು. ಎಲ್ಲ ಭಾಗಗಳೂ ಲೈನಿಂಗ್ ಜೊತೆ ಕಚ್ಚಾ ಹೊಲಿಗೆ ಹಾಕಿಕೊಂಡು ಮೇಜಿನ ಮೇಲೆ ಇವೆ.

ಈಗ ಒಂದು ಪ್ರಶ್ನೆ. ಹುಕ್ಕಿನ ಪಟ್ಟಿ ಯಾವ ಕಡೆ, ಹುಕ್ಕು ಸಿಕ್ಕಿಸುವ ಕಾಜಾ ಪಟ್ಟಿ ಯಾವ ಕಡೆ? ಕ್ಲಾಸಿನಲ್ಲಿ ಒಂದು ಹೇಳಿದರು, ಅಮ್ಮ ಇನ್ನೊಂದು ಹೇಳುತ್ತಾರೆ.

ಗದಗ ಜಂಪರ್ · ಶನಿವಾರ ರಾತ್ರಿ

ನಿನ್ನ ಅಮ್ಮನ ಹಳೇ ಜಂಪರ್ ಒಂದು ತೆಗೆದು ನೋಡು, ಹಾಗೇ ಮಾಡು. ಆಕೆ ಹಾಕಿಕೊಳ್ಳುವುದಾ, ನೀನು ಹಾಕಿಕೊಳ್ಳುವುದಾ?

ಹೊಸ ದಾರ · ಶನಿವಾರ ರಾತ್ರಿ

ಅದೇ ಗೊತ್ತಾಗುತ್ತಿಲ್ಲ ಅಕ್ಕ. ನನ್ನ ಅಳತೆಗೆ ಕತ್ತರಿಸಿದ್ದೇನೆ. ಅಮ್ಮ ಆಗಲೇ ಇಳಕಲ್ ಸೀರೆ ಹೊರಗೆ ತೆಗೆದಿಟ್ಟಿದ್ದಾರೆ.